ಬ್ಯಾಂಡ್ ನೋಡಿ ಕಾಲೇಜು ಆರಿಸಿದವಳು

ನಮ್ಮವರು ಯಾರೂ ಅಂಥ ಕಾಲೇಜಿಗೆ ಕಾಲಿಟ್ಟಿಲ್ಲ. ಶಿಕಾಗೋ ಪಕ್ಕದ ವೆಸ್ಟ್‌ಮಂಟಿನಿಂದ ಡೆಟ್ರಾಯಿಟ್ ಪಕ್ಕದ ಟ್ರಾಯ್‌ವರೆಗೆ ಕನ್ನಡ ಮಾತಾಡುವ ಪ್ರತಿ ಮನೆಗೂ ಇದು ಗೊತ್ತಿದ್ದ ಸಂಗತಿ. ಯಾರೂ ಇದನ್ನು ಪರೀಕ್ಷಿಸಿ ನೋಡಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಪರೀಕ್ಷಿಸುವ ಅಭ್ಯಾಸ ನಮ್ಮಲ್ಲಿಲ್ಲ.

‘ಅಂಥ ಕಾಲೇಜು’ ಎಂದರೆ, ಕಪ್ಪು ಅಮೆರಿಕನ್ನರನ್ನು ಬೇರೆ ಕಾಲೇಜುಗಳು ಗೇಟಿನಲ್ಲೇ ತಡೆಯುತ್ತಿದ್ದ ಕಾಲದಲ್ಲಿ ಅವರಿಗಾಗಿ ಹುಟ್ಟಿದ ಕಾಲೇಜು. ಲೂಸಿಯಾನದಂಥ ಸೆಕೆಯ ದಕ್ಷಿಣ ರಾಜ್ಯಗಳಲ್ಲಿ ಇಂಥವು ಬೇಕಾದಷ್ಟಿವೆ. ಯಾವ ಬಣ್ಣದವರು ಬೇಕಾದರೂ ಅರ್ಜಿ ಹಾಕಬಹುದು, ಸೇರಬಹುದು. ಮಾಹಿತಿ ಇಷ್ಟೇ. ಕಳೆದ ವಸಂತದಲ್ಲಿ ಇದನ್ನು ಬಹಳ ಜನಕ್ಕೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ‘ನಮ್ಮವರನ್ನ ತಗೊಳ್ತಾರಾ?’ ಎಂದು ಇನ್ನೊಮ್ಮೆ ಕೇಳಿದರು.

ನಾನು ಶಿಕಾಗೋದ ಪಶ್ಚಿಮಕ್ಕಿರುವ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ಅಡ್ವೈಸರ್. ಯಾವ ಕೋರ್ಸ್ ತಗೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಮಕ್ಕಳಿಗೆ ಹೇಳುವ ಕೆಲಸ. ಇದರಿಂದಾಗಿ ವಾರಾಂತ್ಯದಲ್ಲಿ ಸುತ್ತಲಿನ ಕನ್ನಡಿಗರು ನನ್ನನ್ನು ಬಿಟ್ಟಿ ಜ್ಯೋತಿಷಿಯ ಹಾಗೆ ನಡೆಸಿಕೊಳ್ಳುತ್ತಾರೆ. ಮಗು ತೊಟ್ಟಿಲಲ್ಲಿರುವಾಗಲೇ ಕಾಲೇಜಿನ ಮಾತು ತೆಗೆದವರನ್ನು ಕಂಡಿದ್ದೇನೆ. ಇಂಥ ಪ್ರಸಂಗಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋಗಬೇಕಿಲ್ಲ. ಮನೆಯ ಸೋಫಾದ ಮೇಲೆ ಕೂತಿದ್ದರೆ ಅವೇ ಬಂದು ಬೆಲ್ ಮಾಡುತ್ತವೆ. ಆದರೆ ಒಂದೇ ಹುಡುಗಿಯ ಸುತ್ತ ಇಷ್ಟೊಂದು ನಡೆದದ್ದು ಅದೇ ಮೊದಲು.

ಕಿಟಕಿಯನ್ನೂ ಹಾಕಿ ಹೇಳಿದ ಸುದ್ದಿ

ಮಾರ್ಚ್ ಶುರುವಿನ ಒಂದು ಶನಿವಾರ ವೆಸ್ಟ್‌ಮಂಟಿನ ಒಂದು ಕುಟುಂಬ ಡೌನರ್ಸ್ ಗ್ರೋವ್‌ನ ನಮ್ಮ ಮನೆಗೆ ಬಂತು. ಅಪ್ಪ ಮೈಸೂರಿನವರು, ಐಟಿ ಕೆಲಸ. ಅಮ್ಮ ಹುಬ್ಬಳ್ಳಿಯವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಒಬ್ಬಳೇ ಮಗಳು, ಹೈಸ್ಕೂಲಿನ ಕೊನೆಯ ವರ್ಷ. ಮಗಳು ಆರಾಮಾಗಿ ಕಾಲು ಮಡಚಿ ಕೂತಳು. ಅಪ್ಪ ಅಮ್ಮ ಸಾವಿನ ಮನೆಗೆ ಬಂದವರಂತೆ ಸೋಫಾದ ಅಂಚಿನಲ್ಲಿ ಕೂತರು.

“ಅಕ್ಕ, ಒಂದ್ ವಿಷ್ಯ. ಹೊರಗಡೆ ಹೋಗ್ಬಾರ್ದು,” ಎಂದರು ಅಪ್ಪ. ಎದ್ದು ಹೋಗಿ ಕಿಟಕಿ ಹಾಕಿದರು. ಹೊರಗೆ ಇದ್ದದ್ದು ಒಂದು ಅಳಿಲು.

ಕೆಲಸ ಹೋಗಿರಬೇಕು ಅಂದುಕೊಂಡೆ. ಇಲ್ಲವೇ ಮಗಳು ಇತಿಹಾಸ ಓದುತ್ತೇನೆ ಅಂದಿರಬೇಕು.

“ಇವಳಿಗೆ ಸೀಟ್ ಸಿಕ್ಕಿದೆ.”

“ಒಳ್ಳೇದಾಯ್ತಲ್ಲ.”

“ಬ್ಲ್ಯಾಕ್ ಕಾಲೇಜಲ್ಲಿ.”

“ಒಳ್ಳೇದಾಯ್ತಲ್ಲ,” ಎಂದೆ ಮತ್ತೆ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪು ಜ್ಯೋತಿಷಿಯ ಹತ್ತಿರ ಬಂದೆವೇನೋ ಎಂಬ ಭಾವ.

“ಅಪ್ಲೈ ಮಾಡೋಕೆ ನೀವೇ ಒಪ್ಪಿದ್ರಿ ತಾನೆ?” ಎಂದು ಕೇಳಿದೆ.

“ಅದೇ ಆಗಿದ್ದು ಅಕ್ಕ. ನಮ್ಮವರನ್ನ ತಗೊಳ್ಳಲ್ಲ ಅಂದ್ಕೊಂಡು ಹೂಂ ಅಂದೆ. ಅವರೇ ಬೇಡ ಅಂದ್ರೆ ನಾನು ಕೆಟ್ಟವನಾಗೋದು ತಪ್ಪುತ್ತಲ್ಲ! ನೋಡಿದ್ರೆ ಅವ್ರು ಬಾಮ್ಮ ಅಂತಿದಾರೆ. ಮೇಲಿಂದ ಸ್ಕಾಲರ್‌ಶಿಪ್ ಬೇರೆ.” ಸ್ಕಾಲರ್‌ಶಿಪ್ ಎಂಬ ಪದವನ್ನು ಯಾರೋ ಕಪಾಳಕ್ಕೆ ಹೊಡೆದ ವಿಷಯ ಹೇಳುವಂತೆ ಹೇಳಿದರು.

“ಯಾಕೆ ಅಲ್ಲಿಗೇ?” ಎಂದು ಹುಡುಗಿಯನ್ನು ಕೇಳಿದೆ.

“ದ ಬ್ಯಾಂಡ್, ಆಂಟಿ,” ಎಂದಳು, ಇದೆಂಥ ಪ್ರಶ್ನೆ ಎನ್ನುವಂತೆ. ಫೋನಿನಲ್ಲಿ ತೋರಿಸಿದಳು. ನೂರಾರು ಜನ ಡ್ರಮ್ಮು ತುತ್ತೂರಿ ಹಿಡಿದು ಫುಟ್‌ಬಾಲ್ ಮೈದಾನದ ತುಂಬ ಕುಣಿಯುತ್ತಾ ನುಡಿಸುತ್ತಿದ್ದರು. ಬೇರೆ ಕಾಲೇಜುಗಳಲ್ಲಿ ಆಟದ ನಡುವಿನ ಬಿಡುವಿನಲ್ಲಿ ಜನ ತಿಂಡಿ ತರಲು ಹೋಗುತ್ತಾರೆ, ಬ್ಯಾಂಡ್ ತನ್ನಷ್ಟಕ್ಕೆ ನುಡಿಸುತ್ತದೆ. ಅಲ್ಲಿ ಬ್ಯಾಂಡ್ ನೋಡಲು ಬಂದವರು ಅದು ಶುರುವಾಗುವವರೆಗೆ ಹೊತ್ತು ಹೋಗಲಿ ಎಂದು ಆಟ ನೋಡುತ್ತಾರಂತೆ. ತೋರಿಸುವಾಗ ಅವಳ ಇನ್ನೊಂದು ಕೈಯ ಬೆರಳು ನಮ್ಮ ಟೀಪಾಯಿಯ ಮೇಲೆ ಬಡಿಯುತ್ತಲೇ ಇದ್ದವು.

“ಬಯಾಲಜಿ ಓದ್ತಾಳಂತ್ರಿ ಅಕ್ಕಾರ,” ಎಂದರು ಅಮ್ಮ. “ಆಮ್ಯಾಲೆ ಡಾಕ್ಟರ್ ಆಗ್ತೀನಿ ಅಂತಾಳ. ಅದಕ್ಕ ನಾವು ಏನೂ ಅನ್ನಂಗಿಲ್ಲ. ಆದ್ರ ಡ್ರಮ್ ಯಾಕ ಬೇಕ್ರಿ?”

“ಆ ಕಾಲೇಜಿಂದ ಮೆಡಿಕಲ್ ಸ್ಕೂಲಿಗೆ ಹೋಗೋ ಮಕ್ಕಳು ಬಹಳ ಇದಾರೆ,” ಎಂದೆ. ಇದು ಯಾರಿಗೂ ಕೇಳಿಸಲಿಲ್ಲ.

“ಪ್ರತಿ ಭಾನುವಾರ ಮೃದಂಗದ ಕ್ಲಾಸಿಗೆ ಡ್ರೈವ್ ಮಾಡ್ಕೊಂಡು ಹೋಗಿದೀನಿ ಅಕ್ಕ,” ಎಂದು ಅಪ್ಪ ನಿಟ್ಟುಸಿರಿಟ್ಟರು. “ಸ್ನೋ ಬೀಳ್ತಿದ್ರೂ ಬಿಟ್ಟಿಲ್ಲ.”

“ಮೃದಂಗ ಯಾಕೆ ಕಲಿಸಿದ್ರಿ?”

“ಕಾಲೇಜ್ ಅಪ್ಲಿಕೇಶನ್‌ನಲ್ಲಿ ಎಲ್ಲರಿಗಿಂತ ಡಿಫರೆಂಟಾಗಿ ಕಾಣ್ಲಿ ಅಂತ.”

“ಕಂಡಿದೆ,” ಎಂದೆ.

ರಾಜ್ಯದ ದೊಡ್ಡ ಯೂನಿವರ್ಸಿಟಿಯಲ್ಲೂ ಅವಳಿಗೆ ಸೀಟು ಸಿಕ್ಕಿತ್ತು. ಅಪ್ಪನಿಗೆ ಅದೇ ಆಗಬೇಕು. ಅವಳಿಗೆ ಅದು ಬೇಡ. ಶಾಲೆಯ ಅರ್ಧ ಜನ ಅಲ್ಲಿಗೇ ಹೊರಟಿದ್ದರು. “ಸೇಮ್ ಫೇಸಸ್ ಸಿನ್ಸ್ ಕಿಂಡರ್‌ಗಾರ್ಟನ್, ಆಂಟಿ.” ಮೇ ಮೊದಲ ತಾರೀಖಿನೊಳಗೆ ಯಾವುದಾದರೂ ಒಂದಕ್ಕೆ ಹೂಂ ಎನ್ನಬೇಕು. ಹುಡುಗಿ ಹಟಮಾರಿಯಲ್ಲ, ಜಗಳಗಂಟಿಯಲ್ಲ. ಅಪ್ಪ ಅಮ್ಮ ಹೌದೆಂದರೆ ಮಾತ್ರ ಹೋಗುತ್ತೇನೆ ಎಂದು ಅವಳೇ ಹೇಳಿದ್ದಳು. ಪಾಪ, ಅಲ್ಲೇ ಅವಳು ಎಡವಿದ್ದು.

“ಕೊನೆಗೆ ಟ್ರಾಯ್ ದೊಡ್ಡಪ್ಪ ಹೇಳಿದ ಹಾಗೆ,” ಎಂದು ಅಪ್ಪ ಎದ್ದರು.

ಟ್ರಾಯ್ ದೊಡ್ಡಪ್ಪ ಎಂದರೆ ಆ ಮನೆತನದ ಸುಪ್ರೀಂ ಕೋರ್ಟು. ಅವರ ಪೈಕಿ ಅಮೆರಿಕ ಕಂಡ ಮೊದಲಿಗರು. ಮೊದಲು ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವರು, ಆಮೇಲೆ ಡೆಟ್ರಾಯಿಟ್ ಕಡೆ ಕಾರಿನ ಬಿಡಿಭಾಗದ ಕಂಪನಿ ಸೇರಿ ನಿವೃತ್ತರಾದವರು. ಆ ಕಾಲೇಜು ಎಂದರೆ ಮಿಶಿಗನ್ನಿನ ದೊಡ್ಡ ಯೂನಿವರ್ಸಿಟಿ ಎಂದು ಎಲ್ಲರೂ ತಿಳಿದಿದ್ದರು. ಅವರು ಬಂದಿಳಿದ ದಿನ ಎಂಥ ಹಿಮ ಬಿದ್ದಿತ್ತೆಂದರೆ, ಕಾಲೇಜಿನ ಬಾಗಿಲು ಕಾಣದೆ, ಕೈಯಲ್ಲೇ ಹಿಮ ತೋಡಿಕೊಂಡು ಒಳಗೆ ಹೋಗಿ ಕೆಲಸಕ್ಕೆ ಹಾಜರಾದರಂತೆ. ಈ ಕಥೆಯನ್ನು ನಾನು ಈ ವೆಸ್ಟ್‌ಮಂಟಿನವರ ಮನೆಯ ಎರಡು ಮೂರು ದೀಪಾವಳಿಗಳಲ್ಲಿ ಕೇಳಿದ್ದೇನೆ. ಹಿಮ ವರ್ಷಕ್ಕೊಂದು ಅಡಿ ಎತ್ತರವಾಗುತ್ತಿದೆ.

ಸೌತ್ ಕಡೆ

ಮರುವಾರ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಪಾಟ್‌ಲಕ್ ಇತ್ತು, ಮನೆಗೊಂದು ಅಡುಗೆ ಮಾಡಿ ತರುವ ಊಟ. ಮಾರ್ಚ್ ತಿಂಗಳ ಪಾಟ್‌ಲಕ್ ಎಂದರೆ ಊಟ ನೆಪ. ಯಾರ ಮಗು ಯಾವ ಕಾಲೇಜು ಎಂಬುದು ಮುಖ್ಯ ಪದಾರ್ಥ.

ಹುಡುಗಿಯ ಅಮ್ಮ ಬಿಸಿಬೇಳೆಬಾತಿನ ಪಾತ್ರೆ ಇಡುವ ಮೊದಲೇ ಆಂಟಿಯರು ಸುತ್ತುವರಿದರು.

“ನಿಮ್ಮ ಮಗಳದ್ದು ಎಲ್ಲಿ ಆಯ್ತು?”

“ಆಗ್ಯದ್ರಿ. ಸೌತ್ ಕಡೆ.”

“ಸೌತ್ ಅಂದ್ರೆ?”

“ಬೆಚ್ಚಗ ಇರ್ತದಲ್ಲಾ, ಆ ಕಡೆ.”

“ಪ್ರೈವೇಟಾ?”

“ಹೂಂನ್ರಿ, ಪ್ರೈವೇಟು.”

“ತುಂಬಾ ಹಳೇ ಕಾಲೇಜಾ?”

“ಭಾಳ ಹಳೇದು.”

ಹಳೆಯದು, ಪ್ರೈವೇಟು, ಬೆಚ್ಚಗಿನ ಊರು. ಒಬ್ಬ ಆಂಟಿ ಕಣ್ಣರಳಿಸಿ ದಕ್ಷಿಣದ ಒಂದು ಅತಿ ಪ್ರಸಿದ್ಧ ಯೂನಿವರ್ಸಿಟಿಯ ಹೆಸರು ಹೇಳಿದರು. ಅಮ್ಮ ಬಿಸಿಬೇಳೆಬಾತಿಗೆ ಸೌಟು ಹುಡುಕುವುದರಲ್ಲಿ ಮಗ್ನರಾದರು. ಇನ್ನೊಬ್ಬರು ಅಲ್ಲ, ಅದಲ್ಲ, ಇದು ಎಂದು ಬೇರೊಂದು ಪ್ರಸಿದ್ಧ ಹೆಸರು ಹೇಳಿದರು. ಅಮ್ಮನಿಗೆ ಸೌಟು ಇನ್ನೂ ಸಿಗಲಿಲ್ಲ. ಸೌಟು ಪಾತ್ರೆಯೊಳಗೇ ಇತ್ತು.

ಊಟಕ್ಕೆ ಕೂರುವಷ್ಟರಲ್ಲಿ ಹುಡುಗಿಗೆ ಎರಡು ಪ್ರಸಿದ್ಧ ಯೂನಿವರ್ಸಿಟಿಗಳಲ್ಲಿ ಸೀಟು ಸಿಕ್ಕಿತ್ತು. ಶ್ಯಾವಿಗೆ ಪಾಯಸದ ಹೊತ್ತಿಗೆ ಎರಡೂ ಕಡೆ ಪೂರ್ತಿ ಸ್ಕಾಲರ್‌ಶಿಪ್ ಬಂತು. ಹೊರಡುವಾಗ ಬಾಗಿಲಲ್ಲಿ ಬೂಟು ಹುಡುಕುತ್ತಿದ್ದ ಅಂಕಲ್ ಒಬ್ಬರು ಹುಡುಗಿಯ ಅಪ್ಪನ ಕೈ ಹಿಡಿದು ಕುಲುಕಿದರು. “ಹೈಸ್ಕೂಲಿಂದ ನೇರವಾಗಿ ಮೆಡಿಕಲ್ ಸೀಟಂತಲ್ಲ! ಹೇಳೇ ಇಲ್ಲ ನೀವು?”

“ನಮಗೂ ಈಗಲೇ ಗೊತ್ತಾಗಿದ್ದು,” ಎಂದರು ಅಪ್ಪ.

ಉಗಾದಿಯ ಸ್ವೆಟ್‌ಶರ್ಟು

ನಮ್ಮ ಕನ್ನಡ ಕೂಟದಲ್ಲಿ ಒಂದು ಪದ್ಧತಿ ಇದೆ. ಉಗಾದಿ ಕಾರ್ಯಕ್ರಮದಲ್ಲಿ, ಆ ವರ್ಷ ಹೈಸ್ಕೂಲು ಮುಗಿಸುವ ಮಕ್ಕಳು ತಾವು ಸೇರಲಿರುವ ಕಾಲೇಜಿನ ಹೆಸರಿರುವ ಸ್ವೆಟ್‌ಶರ್ಟು ತೊಟ್ಟು ವೇದಿಕೆಗೆ ಬರಬೇಕು. ಅಧ್ಯಕ್ಷರು ಹೆಸರು ಓದುತ್ತಾರೆ, ಚಪ್ಪಾಳೆ ಬೀಳುತ್ತದೆ. ಚಪ್ಪಾಳೆಯ ಸದ್ದು ಕಾಲೇಜಿನ ಯೋಗ್ಯತೆಗೆ ತಕ್ಕಂತಿರುತ್ತದೆ. ಮಕ್ಕಳಿಗೆ ಇದೊಂದು ಹಿಂಸೆ. ಹಿಂಸೆಯಾದ್ದರಿಂದ ಇದನ್ನು ಸಂಪ್ರದಾಯ ಎಂದು ಕರೆಯುತ್ತೇವೆ.

ಇನ್ನೂ ತೀರ್ಮಾನವಾಗಿಲ್ಲ, ರೇಷ್ಮೆ ಲಂಗ ಉಟ್ಟುಕೊಂಡು ಹೋಗು ಎಂದು ಅಪ್ಪ ಹೇಳಿದ್ದರು. ಹುಡುಗಿ ಉಟ್ಟಿದ್ದಳು. ಮೇಲೆ ಸ್ವೆಟ್‌ಶರ್ಟನ್ನೂ ತೊಟ್ಟಿದ್ದಳು. ಎದೆಯ ಮೇಲೆ ಕಾಲೇಜಿನ ಹೆಸರು ಹಿಂದಿನ ಸಾಲಿಗೂ ಕಾಣುವಷ್ಟು ದೊಡ್ಡದಾಗಿತ್ತು.

ಅಧ್ಯಕ್ಷರು ಓದಿದರು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಸಭಿಕರಲ್ಲಿ ಅರ್ಧ ಜನ ಫೋನು ತೆಗೆದು ಹುಡುಕಿದರು. ಮಿಕ್ಕರ್ಧ ಜನ ಅವರ ಫೋನಿನೊಳಗೆ ಬಗ್ಗಿದರು. ಎಲ್ಲೋ ಮೂಲೆಯಿಂದ ಒಂದು ಚಪ್ಪಾಳೆ ಬಂತು, ಅದು ನನ್ನದು. ಆಮೇಲೆ ಅಧ್ಯಕ್ಷರು ಚೇತರಿಸಿಕೊಂಡು, “ಇದೊಂದು ಐತಿಹಾಸಿಕ ಕಾಲೇಜು,” ಎಂದು ಘೋಷಿಸಿ ಮುಂದಿನ ಹುಡುಗನನ್ನು ಕರೆದರು. ಅವರು ಹೇಳಿದ್ದು ಸತ್ಯವೇ. ಆ ಸಂಜೆ ಅವರು ಆಡಿದ ಒಂದೇ ಸತ್ಯ ಅದು.

ಹೋಳಿಗೆಯ ಸಾಲಿನಲ್ಲಿ ನನ್ನ ಹಿಂದೆ ಒಬ್ಬ ಅಂಕಲ್ ನಿಂತಿದ್ದರು. ಇವರು ರಿಸರ್ವೇಶನ್‌ನಿಂದಾಗಿ ಬೆಂಗಳೂರಿನಲ್ಲಿ ತಮಗೆ ಸೀಟು ತಪ್ಪಿತು, ಅದಕ್ಕೇ ದೇಶ ಬಿಟ್ಟೆ ಎಂದು ಪ್ರತಿ ಉಗಾದಿಗೂ ಹೇಳುವವರು. ಈ ದೇಶಕ್ಕೆ ಬಂದರೆ ಇಲ್ಲೂ ಅದೇ ಗೋಳು ಎಂದು ಪ್ರತಿ ದೀಪಾವಳಿಗೂ ಹೇಳುವವರು. ಎಲ್ಲವೂ ಮೆರಿಟ್ ಮೇಲೇ ನಡೆಯಬೇಕು ಎಂಬುದು ಅವರ ಸಿದ್ಧಾಂತ. ಅವರ ಮೆರಿಟ್ಟಿನಿಂದ ಕೂಟದ ಯಾವ ಕಾರ್ಯಕ್ರಮವೂ ತಪ್ಪಿಸಿಕೊಂಡಿಲ್ಲ.

ನನ್ನ ಕಿವಿಯ ಹತ್ತಿರ ಬಗ್ಗಿದರು. “ಆ ಕಾಲೇಜಲ್ಲಿ ನಮ್ಮವರು ಎಷ್ಟ್ ಜನ ಇರ್ತಾರೆ?”

“ಬಹಳ ಕಮ್ಮಿ ಅಂಕಲ್.”

“ಬಹಳ ಕಮ್ಮಿ ಅಂದ್ರೆ… ಅಲ್ಲಿ ನಾವೇ ಮೈನಾರಿಟಿ?”

“ಹಾಗೇ ಆಯ್ತು.”

ಸಾಲು ಎರಡು ಹೆಜ್ಜೆ ಮುಂದೆ ಹೋಯಿತು. ಅಂಕಲ್ ತಟ್ಟೆ ಎದೆಗವಚಿಕೊಂಡು ಯೋಚಿಸುತ್ತಿದ್ದರು. ಮೂವತ್ತು ಉಗಾದಿಗಳ ಸಿದ್ಧಾಂತ ಅವರ ಮುಖದ ಮೇಲೆ ಒಮ್ಮೆ ಹೊರಳಿ ಇನ್ನೊಂದು ಮಗ್ಗುಲಾಯಿತು.

“ನನ್ನ ಮೊಮ್ಮಗ ಈಗ ಹತ್ತನೇ ಕ್ಲಾಸು,” ಎಂದರು ಇನ್ನೂ ಮೆಲ್ಲಗೆ. “ಅಲ್ಲಿ ನಮ್ಮವರಿಗೆ ರಿಸರ್ವೇಶನ್ ಏನಾದ್ರೂ ಇದೆಯಾ?”

ಟಕ್

ಏಪ್ರಿಲ್ ನಡುವೆ, ಆ ಕಾಲೇಜಿನಲ್ಲಿ ಓದಿ ಶಿಕಾಗೋದಲ್ಲಿ ನೆಲೆಸಿದವರು ಹೊಸ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಒಂದು ಮಧ್ಯಾಹ್ನದ ಊಟ ಇಟ್ಟುಕೊಂಡರು. ಊರಿನ ಕಪ್ಪು ಜನ ಹೆಚ್ಚಾಗಿರುವ ಸೌತ್ ಸೈಡಿನ ಒಂದು ಚರ್ಚಿನ ಹಾಲ್. ಅಪ್ಪನಿಗೆ ಹೋಗುವ ಮನಸ್ಸಿರಲಿಲ್ಲ. ಹೋಗದಿದ್ದರೆ ಮಗಳ ಮುಖ ನೋಡುವ ಧೈರ್ಯವೂ ಇರಲಿಲ್ಲ. ಹಾಗಾಗಿ ನನ್ನನ್ನೂ ಕಾರಿಗೆ ಹಾಕಿಕೊಂಡರು.

ಎಕ್ಸ್‌ಪ್ರೆಸ್‌ವೇ ಇಳಿದು ಮೊದಲ ಸಿಗ್ನಲ್ಲಿಗೆ ಬಂದಾಗ ಟಕ್ ಎಂದಿತು. ಅಪ್ಪ ಬಾಗಿಲಿನ ಲಾಕ್ ಒತ್ತಿದ್ದರು. ಎರಡನೇ ಸಿಗ್ನಲ್. ಟಕ್.

“ಇಟ್ಸ್ ಆಲ್ರೆಡಿ ಲಾಕ್ಡ್, ಅಪ್ಪಾ.”

“ಗೊತ್ತು. ಕನ್‌ಫರ್ಮ್ ಮಾಡ್ತಿದೀನಿ.”

ಬೀದಿಯುದ್ದಕ್ಕೂ ಇಟ್ಟಿಗೆಯ ಚೆಂದದ ಮನೆಗಳು, ಕತ್ತರಿಸಿದ ಹುಲ್ಲು, ಟ್ಯುಲಿಪ್ ಹೂ. ಒಬ್ಬ ಮುದುಕರು ಮನೆಯ ಮುಂದೆ ಕಾರು ತೊಳೆಯುತ್ತಿದ್ದರು. ನಮ್ಮನ್ನು ನೋಡಿ ಕೈ ಬೀಸಿದರು. ಅಪ್ಪ ನಕ್ಕು ಒಂದು ಕೈ ಬೀಸಿದರು. ಇನ್ನೊಂದು ಕೈ ಟಕ್ ಎಂದಿತು.

ಹಾಲಿನೊಳಗೆ ಹೋದಾಗ ನಮಗೆ ನಾಚಿಕೆಯಾಯಿತು. ಗಂಡಸರೆಲ್ಲ ಸೂಟು ಟೈ. ಹೆಂಗಸರೆಲ್ಲ ಕಾಲೇಜಿನ ಬಣ್ಣದ ಉಡುಪು, ಕೆಲವರಿಗೆ ಟೋಪಿ. ಹುಡುಗಿಯ ಅಪ್ಪ ಕಂಪನಿ ಹೆಸರು ಕಸೂತಿ ಹಾಕಿದ ಉಣ್ಣೆಯ ತೋಳಿಲ್ಲದ ಜಾಕೆಟ್ಟಿನಲ್ಲಿದ್ದರು. ಹುಡುಗಿಯ ಜೀನ್ಸ್ ಮೊಣಕಾಲಿನ ಹತ್ತಿರ ಹರಿದಿತ್ತು. ಅಂಗಡಿಯಿಂದಲೇ ಹರಿದು ಬಂದದ್ದು.

ನಿವೃತ್ತ ಸ್ಕೂಲ್ ಪ್ರಿನ್ಸಿಪಾಲರೊಬ್ಬರು ನಮ್ಮನ್ನು ವಹಿಸಿಕೊಂಡರು. ದೊಡ್ಡ ಹೆಂಗಸು, ನೇರಳೆ ಟೋಪಿ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಚ್ಚೇನೂ ಬದಲಾಯಿಸಬೇಕಾಗಿಲ್ಲ.

“ಊಟ ಆಯಿತಾ ಮಗೂ?” ಇದು ಮೊದಲ ಪ್ರಶ್ನೆ. ಇಲ್ಲ ಎಂದಳು. ತಟ್ಟೆ ಬಂತು. ಸಾಕು ಎಂದಳು. ಇನ್ನೊಂದು ಸೌಟು ಬಿತ್ತು.

“ನಿಮ್ಮದು ಯಾವ ಕಡೆ?” “ಅಜ್ಜ ಅಜ್ಜಿ ಇದ್ದಾರಾ?” “ನಿಮ್ಮ ತಂದೆ ಏನು ಮಾಡಿಕೊಂಡಿದ್ದರು?” “ದೇವಸ್ಥಾನಕ್ಕೆ ವಾರಾ ವಾರಾ ಹೋಗುತ್ತೀರಾ?”

“ಹಬ್ಬಕ್ಕೆ ಹೋಗ್ತೀವಿ,” ಎಂದರು ಅಪ್ಪ.

ಆಕೆ ಹುಡುಗಿಯ ಕಡೆ ತಿರುಗಿದರು. “ನಿನ್ನ ತಂದೆಗಾಗಿ ನಾನು ಪ್ರಾರ್ಥನೆ ಮಾಡುತ್ತೇನೆ.”

ಅಮ್ಮ ನನ್ನ ಪಕ್ಕೆ ತಿವಿದರು. “ಅಕ್ಕಾರ, ಇವ್ರು ಕನ್ಯಾ ನೋಡಾಕ ಬಂದಾರೇನ್ರಿ?”

ಪ್ರಿನ್ಸಿಪಾಲರ ಕಣ್ಣು ಈಗ ಜೀನ್ಸಿನ ತೂತಿನ ಮೇಲೆ ಬಿತ್ತು. “ಇದು ಸೂಜಿ ದಾರ ಸಿಗದೇ ಹೋದದ್ದೋ, ಬೇಕಂತಲೇ ಬಿಟ್ಟದ್ದೋ?”

“ಬೇಕಂತಲೇ, ಮ್ಯಾಮ್.” ಹುಡುಗಿ ಮ್ಯಾಮ್ ಎಂದದ್ದನ್ನು ನಾವ್ಯಾರೂ ಅದುವರೆಗೆ ಕೇಳಿರಲಿಲ್ಲ.

“ನಮ್ಮ ಕಾಲೇಜಿನಲ್ಲಿ ಮೊದಲ ದಿನದ ಸಭೆಗೆ ಮೊಣಕಾಲು ತೋರಿಸಿಕೊಂಡು ಬರುವಂತಿಲ್ಲ.”

ಅಮ್ಮ ಈ ಮಾತನ್ನು ಎರಡು ವರ್ಷದಿಂದ ಹ್ಯಾಂಗರ್ ಹಿಡಿದುಕೊಂಡು ಹೇಳುತ್ತಿದ್ದರು. ಕುರ್ಚಿ ಎಳೆದುಕೊಂಡು ಪ್ರಿನ್ಸಿಪಾಲರ ಪಕ್ಕಕ್ಕೇ ಹೋಗಿ ಕೂತರು. ಮನೆಯಲ್ಲಿ ಎರಡು ಒಂದು ಇದ್ದ ಲೆಕ್ಕ ಆ ಕ್ಷಣದಲ್ಲಿ ತಿರುಗಿತು. ಅಪ್ಪ ಒಂಟಿಯಾದರು.

ಒಂಟಿಯಾದವರು ಕೊನೆಯ ಅಸ್ತ್ರ ತೆಗೆದರು. “ಅಲ್ಲಿ ಹುಡುಗೀರಿಗೆ ಸೇಫಾ?”

“ನನ್ನಂಥವರು ಆ ಊರಿನ ತುಂಬ ಇದ್ದಾರೆ,” ಎಂದರು ಆಕೆ. “ಭಯ ಇರುವುದು ನಿಮ್ಮ ಮಗಳಿಗಲ್ಲ. ಅವಳನ್ನು ಹಾಸ್ಟೆಲಿಗೆ ತಡವಾಗಿ ತಂದುಬಿಡುವ ಹುಡುಗನಿಗೆ.”

ಆಮೇಲೆ ಆಕೆ ತಮ್ಮ ಮೇಜಿನವರನ್ನು ಪರಿಚಯಿಸಿದರು. ಒಬ್ಬರು ನ್ಯಾಯಾಧೀಶರು. ಒಬ್ಬರು ಹೃದಯದ ಡಾಕ್ಟರು. ಒಬ್ಬರು ಸೇತುವೆ ಕಟ್ಟಿಸುವ ಎಂಜಿನಿಯರು. ಎಲ್ಲರೂ ಅದೇ ಕಾಲೇಜಿನಲ್ಲಿ ಓದಿದವರು.

“ನೀವು ಏನು ಮಾಡಿಕೊಂಡಿದ್ದೀರಿ?” ಎಂದು ಅಪ್ಪನನ್ನು ಕೇಳಿದರು.

“ಐಟಿ.”

ಪ್ರಿನ್ಸಿಪಾಲರು ಅವರ ಕೈ ಮೇಲೆ ಕೈ ಇಟ್ಟು ಮೆಲ್ಲಗೆ ತಟ್ಟಿದರು. “ಪರವಾಗಿಲ್ಲ. ಮಗಳು ಓದುತ್ತಾಳಲ್ಲ.”

ವಾಪಸ್ ಬರುವಾಗ ಸಿಗ್ನಲ್ಲುಗಳಲ್ಲಿ ಟಕ್ ಕೇಳಿಸಲಿಲ್ಲ. ಅಪ್ಪ ಐಟಿಯ ಬಗ್ಗೆ ಯೋಚಿಸುತ್ತಿದ್ದರು.

ಸುಪ್ರೀಂ ಕೋರ್ಟು

ಏಪ್ರಿಲ್ ಕೊನೆಯ ಶನಿವಾರ ಟ್ರಾಯ್‌ಗೆ ಹೊರಟೆವು. ನನ್ನನ್ನು ಕರೆದದ್ದು ತಜ್ಞಸಾಕ್ಷಿಯಾಗಿ. ನಾನು ಯಾವ ಪಕ್ಷದ ಸಾಕ್ಷಿ ಎಂದು ಯಾರೂ ಕೇಳಲಿಲ್ಲ. ಇಂಡಿಯಾನಾ ದಾಟಿ ಮಿಶಿಗನ್ ಹೊಕ್ಕು ಹೈವೇಯಲ್ಲಿ ಹೋಗುವಷ್ಟು ಹೊತ್ತೂ ಹುಡುಗಿ ಮುಂದಿನ ಸೀಟಿನ ಬೆನ್ನಿನ ಮೇಲೆ ಬೆರಳಿನಿಂದ ನುಡಿಸುತ್ತಿದ್ದಳು. ಆ ಸೀಟಿನಲ್ಲಿ ನಾನಿದ್ದೆ. ನುಡಿಸುವುದು ನಿಂತಿದ್ದು ಒಂದೇ ಸಲ, “ಟ್ರಾಯ್ ತಾತ ಏನ್ ಹೇಳ್ತಾರೋ ಅದೇ ಫೈನಲ್. ಒಪ್ಪಿಗೆ ತಾನೆ?” ಎಂದು ಅಪ್ಪ ಕನ್ನಡಿಯಲ್ಲಿ ನೋಡಿ ಕೇಳಿದಾಗ.

“ಓಕೆ,” ಎಂದಳು. ಆ ಓಕೆಗೆ ದನಿಯೇ ಇರಲಿಲ್ಲ.

ದೊಡ್ಡಪ್ಪನ ಮನೆಯಲ್ಲಿ ಬಿಳಿ ಕಾರ್ಪೆಟ್ಟು, ಬಿಳಿ ಸೋಫಾ. ದೊಡ್ಡಪ್ಪ ಸ್ವೆಟರ್ ಹಾಕಿಕೊಂಡು ನಡುವೆ ಕೂತಿದ್ದರು. ದೊಡ್ಡಮ್ಮ ಪಕ್ಕದ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಅಪ್ಪ ಕೇಸು ಮಂಡಿಸಿದರು. ಸುರಕ್ಷತೆ, ಹೆಸರು, ಜನ ಏನಂತಾರೆ, ಮುಂದೆ ಮದುವೆ ಎಲ್ಲ ಬಂತು. ಕೊನೆಗೆ, “ನಮ್ಮವರು ಯಾರೂ ಅಂಥ ಕಡೆ ಹೋಗಿಲ್ಲ ದೊಡ್ಡಪ್ಪ. ನಿಮ್ಮಂಥವರು ಎಂಥೆಂಥ ಕಡೆ ಪಾಠ ಮಾಡಿದ್ರಿ!” ಎಂದರು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ತೀರ್ಪಿಗೆ ಮೊದಲು ಪೀಠಿಕೆ ಬೇಕಲ್ಲ. ಹಿಮದ ಕಥೆ ಬಂತು. ಈ ಸಲ ಹಿಮ ಕಾಲೇಜಿನ ಮೊದಲನೇ ಮಹಡಿಯ ಕಿಟಕಿ ಮುಟ್ಟಿತು. ಅಡುಗೆಮನೆಯಲ್ಲಿ ಒಂದು ಲೋಟ ಬೇಕಾದ್ದಕ್ಕಿಂತ ಜೋರಾಗಿ ಕುಕ್ಕಿದ ಸದ್ದಾಯಿತು.

“ಯಾವ ಕಾಲೇಜಮ್ಮ?” ಎಂದರು ಕೊನೆಗೆ.

ಹುಡುಗಿ ಹೆಸರು ಹೇಳಿದಳು.

ದೊಡ್ಡಪ್ಪನ ಮುಖ ಹಾಗಲಕಾಯಿ ತಿಂದಂತಾಯಿತು. “ಅದಾ? ಅದು ಬೇಡ.”

ಅಪ್ಪ ಹಿಂದಕ್ಕೆ ಒರಗಿದರು. ಮಾರ್ಚ್‌ನಿಂದ ಈಚೆಗೆ ಅವರು ಸೋಫಾಕ್ಕೆ ಬೆನ್ನು ಕೊಟ್ಟು ಕೂತದ್ದು ಅದೇ ಮೊದಲು. ಹುಡುಗಿಯ ಬೆರಳು ಮೊಣಕಾಲಿನ ಮೇಲೆ ನಿಂತುಹೋದವು. ಆ ಜೀನ್ಸಿನ ತೂತಿಗೆ ಅವಳು ತಾನೇ ತೇಪೆ ಹಾಕಿಕೊಂಡಿದ್ದಳು, ವಕ್ರವಾಗಿ.

“ಕೇಳಿಸ್ತಾ? ತಾತ ಬೇಡ ಅಂದ್ರು.”

“ಕ್ಯಾನ್ ಐ ಆಸ್ಕ್ ವೈ, ತಾತ?”

“ಅವ್ರ ಬ್ಯಾಂಡ್ ಸರಿ ಇಲ್ಲಮ್ಮ.”

ಅಪ್ಪ ಮತ್ತೆ ಸೋಫಾದ ಅಂಚಿಗೆ ಜರುಗಿದರು.

“ಏನು ಸರಿ ಇಲ್ಲ?” ಎಂದರು ಅಪ್ಪ.

“ಬ್ಯಾಂಡ್ ಕಣೋ. ತುತ್ತೂರಿಯವರು ಜಾಸ್ತಿ, ಡ್ರಮ್ ಹಿಂದೆ ಬೀಳುತ್ತೆ. ಬರೀ ಗದ್ದಲ. ಯಾವ ವರ್ಷಾನೂ ನಮ್ಮ ಬ್ಯಾಂಡ್ ಮುಂದೆ ನಿಲ್ಲೋಕಾಗಿಲ್ಲ ಅವ್ರ ಕೈಲಿ.”

“ನಮ್ಮ ಬ್ಯಾಂಡ್ ಅಂದ್ರೆ ಯಾವ್ದು ದೊಡ್ಡಪ್ಪ?”

ದೊಡ್ಡಪ್ಪ ಟೀವಿಯ ಕಡೆ ನೋಡಿದರು. ಟೀವಿ ಆಫ್ ಆಗಿತ್ತು.

ಹುಡುಗಿ ಮಾತ್ರ ನೆಟ್ಟಗಾದಳು. ತನ್ನ ಕಾಲೇಜಿನ ಎದುರಾಳಿಯಾದ, ಅದರ ಪಕ್ಕದ ರಾಜ್ಯದ ಇನ್ನೊಂದು ಬ್ಲ್ಯಾಕ್ ಕಾಲೇಜಿನ ಹೆಸರು ಹೇಳಿ, “ಯು ಮೀನ್ ದೆಮ್?” ಎಂದಳು.

ದೊಡ್ಡಪ್ಪನ ಗಲ್ಲ ಸ್ವಲ್ಪ ಅಲುಗಿತು. ಹೌದು ಎಂದಂತೆಯೂ ಇತ್ತು, ಇಲ್ಲ ಎಂದಂತೆಯೂ ಇತ್ತು.

“ಬಟ್ ವಿ ಬೀಟ್ ದೆಮ್ ಲಾಸ್ಟ್ ಇಯರ್, ತಾತ!”

“ಸುಳ್ಳು!” ದೊಡ್ಡಪ್ಪ ಎದ್ದೇ ನಿಂತರು. “ಅದು ಜಡ್ಜ್‌ಗಳ ತಪ್ಪು. ನಾನೇ ಕಣ್ಣಾರೆ ನೋಡಿದೀನಿ, ಬೇಸ್‌ಮೆಂಟಲ್ಲಿ ಕೂತ್ಕೊಂಡು!”

ಕಾಫಿಯ ತಟ್ಟೆ ಹಿಡಿದು ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. “ಶನಿವಾರ ಶನಿವಾರ ಬೇಸ್‌ಮೆಂಟಲ್ಲಿ ಬಾಗಿಲು ಹಾಕ್ಕೊಂಡು ಕೇಳ್ತಿದ್ದಿದ್ದು ಇದಾ? ಪ್ರವಚನ ಅಂದ್ರಿ. ಪ್ರವಚನಕ್ಕೆ ಇಷ್ಟೊಂದು ಡೋಲು ಯಾಕೆ ಅಂತ ನಾನೂ ಯೋಚ್ನೆ ಮಾಡ್ದೆ.”

“ದೊಡ್ಡಮ್ಮ, ಏನಿದೆಲ್ಲ?” ಎಂದರು ಅಪ್ಪ.

“ಏನಿದೆಲ್ಲ ಅಂದ್ರೆ? ಇವ್ರು ಮೊದಲು ಪಾಠ ಮಾಡಿದ್ದೇ ಆ ಬ್ಲ್ಯಾಕ್ ಕಾಲೇಜಲ್ಲಿ. ಈ ದೇಶದಲ್ಲಿ ಇನ್ಯಾರೂ ಇವ್ರಿಗೆ ಕೆಲಸ ಕೊಡ್ಲಿಲ್ಲ. ಇರೋಕೆ ಮನೆ ಕೊಟ್ರು. ಗ್ರೀನ್ ಕಾರ್ಡ್ ಮಾಡಿಸ್ಕೊಟ್ರು. ಆಮೇಲೆ ಇವ್ರ ತಮ್ಮ ಬಂದ, ತಂಗಿ ಬಂದ್ಲು, ನೀನು ಓದೋಕೆ ಬಂದು ನಮ್ಮನೇಲೇ ಇಳ್ಕೊಂಡೆ. ಇಲ್ದಿದ್ರೆ ನೀವೆಲ್ಲ ಎಲ್ಲಿರ್ತಿದ್ರಿ?”

“ಮತ್ತೆ ದೊಡ್ಡಪ್ಪ ಯಾವತ್ತೂ ಹೇಳ್ಲೇ ಇಲ್ಲ?”

“ನೀವ್ಯಾರೂ ಕೇಳ್ಲಿಲ್ಲ,” ಎಂದರು ದೊಡ್ಡಪ್ಪ, ಕೂರುತ್ತಾ.

“ಮಿಶಿಗನ್ ಯೂನಿವರ್ಸಿಟಿ ಅಂದ್ಕೊಂಡಿದ್ವಿ.”

“ಅಂದ್ಕೊಂಡಿದ್ದು ನೀವು.”

ಹುಡುಗಿಯ ಅಮ್ಮ ಕಾಫಿಯಲ್ಲಿ ಸಕ್ಕರೆ ಕಲಕುವುದರಲ್ಲಿ ಮಗ್ನರಾದರು.

“ತಾತ,” ಎಂದಳು ಹುಡುಗಿ. ಆಮೇಲೆ, ನನಗೆ ತಿಳಿದಂತೆ ಅವಳು ತಾನಾಗಿ ಆಡಿದ ಮೊದಲ ಕನ್ನಡ: “ನಾನು ಹೋಗ್ಲಾ?”

“ಹೋಗು,” ಎಂದರು ದೊಡ್ಡಪ್ಪ. “ಹೋಗಿ ಆ ಡ್ರಮ್‌ನವರನ್ನ ಸರಿ ಮಾಡು. ಆದ್ರೆ ಮ್ಯಾಚ್ ದಿನ ನಾನು ಆ ಕಡೆ ಕೂತ್ಕೋತೀನಿ. ಈಗಲೇ ಹೇಳಿದೀನಿ.”

ಎಲ್ಲರೂ ಅಪ್ಪನ ಕಡೆ ನೋಡಿದೆವು. ಅವರು ಮಗಳ ಮೊಣಕಾಲಿನ ವಕ್ರ ತೇಪೆಯನ್ನು ನೋಡುತ್ತಿದ್ದರು. ಫೈನಲ್ ಎಂದದ್ದು ಅವರೇ. ತಲೆಯಾಡಿಸಿದರು. ಹುಡುಗಿ ಫೋನು ತೆಗೆದು ಕಾಲೇಜಿನ ಪುಟದಲ್ಲಿ ಹೂಂ ಎಂದು ಒತ್ತಿದಳು. ಆಯಿತು. ಬಿಳಿ ಸೋಫಾದ ಕೈಯ ಮೇಲೆ ಬೆರಳು ಮತ್ತೆ ಶುರುವಾದವು. ದೊಡ್ಡಪ್ಪನ ಪಾದ, ಯಾರೂ ನೋಡುತ್ತಿಲ್ಲ ಎಂದುಕೊಂಡು, ತಾಳ ಹಾಕಿತು.

ಅಪ್ಪನಿಗೆ ಹಿಡಿದುಕೊಳ್ಳಲು ಇನ್ನು ಒಂದೇ ಉಳಿದಿತ್ತು.

“ಹಂಗಾದ್ರೆ ದೊಡ್ಡಪ್ಪ, ಆ ಸ್ನೋ? ಕಾಲೇಜಿನ ಬಾಗಿಲು ಕಾಣ್ದೆ ತೋಡ್ಕೊಂಡು ಹೋಗಿದ್ದು?”

ದೊಡ್ಡಪ್ಪ ಕಾಫಿ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದರು. ಉತ್ತರ ಹೇಳಿದ್ದು ದೊಡ್ಡಮ್ಮ.

“ಯಾವ ಸ್ನೋ? ನಾವು ಇಳಿದಿದ್ದು ಲೂಸಿಯಾನದಲ್ಲಿ. ಆಗಸ್ಟ್ ತಿಂಗಳು.”